ಬಾಗಿಲು ತೆಗೆಸುವ ಕೋಟು

ಹೊಲಿಗೆ ಹಾಲಿನ ಕಿಟಕಿಗಳಿಗೆಲ್ಲ ಮೊಳೆ ಹೊಡೆದಿದ್ದರು. ಹೊರಗಿನ ಧೂಳು ಉಣ್ಣೆಯ ಕೋಟುಗಳ ಮೇಲೆ ಕೂರಬಾರದಲ್ಲ! ಒಳಗಿನ ಉಣ್ಣೆ ಹೆಂಗಸರ ಎದೆಯೊಳಗೆ ಕೂರುವುದಕ್ಕೆ ಮಾತ್ರ ಯಾರ ಆಕ್ಷೇಪವೂ ಇರಲಿಲ್ಲ. ಆ ಬೆಳಿಗ್ಗೆ ಜೇಬು ಹೊಲಿಯುವವಳು ಸೆಖೆಗೆ ತಲೆ ಸುತ್ತಿ ಮೆಷಿನ್ನಿನ ಮೇಲೇ ಬಿದ್ದಳು. ಮೇಲ್ವಿಚಾರಕ ಓಡಿ ಬಂದು ಮೊದಲು ಅವಳ ಕೆನ್ನೆಯಡಿಯಿದ್ದ ಜೇಬನ್ನು ಎಳೆದುಕೊಂಡ.

ಕಾಜಾ ಅಕ್ಕನ ಪಿತ್ತ ನೆತ್ತಿಗೇರಿತು. ವರ್ಷಗಟ್ಟಲೆ ಗುಂಡಿಗಳಿಗೆ ಕಾಜಾ ಹಾಕಿ ಹಾಕಿ ಅದೇ ಅವಳ ಹೆಸರಾಗಿತ್ತು. ಗಾಳಿ ಬೇಕೆಂದು ಕೇಳಲು ಮಾಲೀಕರ ಕೋಣೆಗೆ ಹಿಂದೆಯೂ ಹೋಗಿದ್ದಳು. ಪ್ರತಿ ಸಲವೂ ಕಾವಲುಗಾರ ನೊಣ ಓಡಿಸಿದಂತೆ ಓಡಿಸಿದ್ದ. ಇವತ್ತು ಏನಾದರಾಗಲಿ ಎಂದು ಎದ್ದಳು.

"ಹೀಗೇ ಹೋದ್ರೆ ಹೋದ ಹಾಗೇ ಬರ್ತೀಯ," ಎಂದಳು ಕಾಲರ್ ಹೊಲಿಯುವ ಹಿರಿಯಳು. ಹಾಲಿಗೆಲ್ಲ ಅವಳು ಕಾಲರತ್ತೆ. "ಒಂದು ಕೋಟು ಏರಿಸ್ಕೊಂಡು ಹೋಗು."

ಒಂದು ಕೋಟಿನ ಬೆಲೆಯೆಂದರೆ ತನ್ನ ಎಂಟು ತಿಂಗಳ ಕೂಲಿ, ಅದನ್ನು ಹೆಗಲ ಮೇಲೆ ಹೊರುವ ಕರ್ಮ ತನಗೆ ಬೇಡ, ಯಾವ ಬಟ್ಟೆಯೂ ಅಷ್ಟು ಬೆಲೆ ಬಾಳುವುದಿಲ್ಲ ಎಂದು ಕಾಜಾ ಅಕ್ಕ ವಾದಿಸಿದಳು.

"ಬೆಚ್ಚಗಿರೋಕೆ ಕಂಬಳಿ ಸಾಕು ಕಣೇ. ಆ ದುಡ್ಡು ಬಟ್ಟೆಗಲ್ಲ. ಬಾಗಿಲು ತೆಗೆಸೋಕೆ."

ಸಂಜೆ ಕಳಿಸಬೇಕಿದ್ದ ಒಂದು ಕೋಟನ್ನು ಇಸ್ತ್ರಿ ಅಣ್ಣ ಕೊಟ್ಟ. ಕೂರಬಾರದು, ಏನೂ ಕುಡಿಯಬಾರದು, ಕೈ ಎತ್ತಬಾರದು ಎಂದು ಷರತ್ತು ಹಾಕಿದ. "ಒಂದು ಸುಕ್ಕು ಬಿದ್ರೂ ನನ್ನ ಕೆಲಸ ಹೋಗುತ್ತೆ ತಂಗಿ."

ದೀಪದ ಕಂಬಕ್ಕೆ ಅಳತೆ ತೆಗೆದು ಹೊಲಿದಂತಿದ್ದ ಕೋಟು ಅವಳ ಸವೆದ ಚಪ್ಪಲಿಯನ್ನೂ ಮುಚ್ಚಿತು. ದಿನಾ ಅವಳ ಊಟದ ಡಬ್ಬಿ ತೆಗೆಸಿ ನೋಡುತ್ತಿದ್ದ ಅದೇ ಕಾವಲುಗಾರ ಸಲ್ಯೂಟ್ ಹೊಡೆದು ಬಾಗಿಲು ತೆಗೆದ.

ಮಾಲೀಕರು ಕೆಂಡ ತುಳಿದವರಂತೆ ಕುರ್ಚಿಯಿಂದ ಎದ್ದರು. ಕೈಕುಲುಕಲು ಬಂದರೆ ಅವಳು ಕೈ ಎತ್ತಲಿಲ್ಲ. ಕುರ್ಚಿ ಎಳೆದು ಕೊಟ್ಟರೆ ಕೂರಲಿಲ್ಲ. ಹಣ್ಣಿನ ರಸ ತರಿಸಿದರೆ ಮುಟ್ಟಲಿಲ್ಲ. ಒಂದೊಂದು ನಿರಾಕರಣೆಗೂ ಅವರು ಒಗೆದ ಉಣ್ಣೆಯ ಹಾಗೆ ಕುಗ್ಗುತ್ತ ಹೋದರು. ಇಷ್ಟು ಗತ್ತಿನ ಖರೀದಿದಾರರನ್ನು ಅವರು ಕಂಡೇ ಇರಲಿಲ್ಲ.

ಸುಳ್ಳು ಹೇಳಿ ಗೆಲ್ಲುವುದು ಕಾಜಾ ಅಕ್ಕನಿಗೆ ಬೇಕಿರಲಿಲ್ಲ. "ನಾನು ಖರೀದಿಗೆ ಬಂದವಳಲ್ಲ ಸರ್. ಕೆಳಗೆ ಹಾಲಲ್ಲಿ ಕಾಜಾ ಹಾಕೋಳು."

ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಗುಟ್ಟಾಗಿ ತಪಾಸಣೆಗೆ ಬಂದಿದ್ದೀರಿ ಅಂತ ನೋಡಿದ ಕೂಡಲೇ ಗೊತ್ತಾಯ್ತು ಮೇಡಂ. ಏನು ಕೊರತೆ, ಹೇಳಿಬಿಡಿ."

"ಹಾಲಲ್ಲಿ ಗಾಳಿ ಇಲ್ಲ. ಬೆವರು ನಿಲ್ಲಲ್ಲ. ಇವತ್ತು ಒಬ್ಬಳು ಬಟ್ಟೆ ಮೇಲೇ ಬಿದ್ದಳು. ಇವತ್ತೇ ಸರಿಯಾಗ್ಬೇಕು."

"ಬಟ್ಟೆ ಮೇಲೆ!" ಮಾಲೀಕರು ಬೆಚ್ಚಿದರು. "ಇವತ್ತೇ ಆಗುತ್ತೆ ಮೇಡಂ." ಅಷ್ಟು ಹೊತ್ತೂ ಅವರ ಕಣ್ಣು ಕೋಟಿನ ಕಾಲರ್ ದಾಟಿ ಮೇಲೇರಿರಲಿಲ್ಲ.

ಸುಕ್ಕಿಲ್ಲದ ಕೋಟನ್ನು ಮರಳಿಸಿ, ಬೆವರಲ್ಲಿ ತೊಪ್ಪೆಯಾಗಿ ನೆನೆದ ಕಾಜಾ ಅಕ್ಕ ಹಾಲಿಗೆ ಬಂದಳು. ಬೆಲೆ ಬಾಳುತ್ತೋ ಇಲ್ಲವೋ ಎಂದು ಕಾಲರತ್ತೆ ಕೆಣಕಿದಾಗ, ಬಾಳುತ್ತೆ ಎಂದು ಒಪ್ಪಿಕೊಂಡಳು.

ಸಂಜೆಗೆ ನಿಜಕ್ಕೂ ಕೆಲಸದವರು ಬಂದರು. ಮಾಲೀಕರ ಅತಿಥಿ ಕೋಣೆಯ ಏಸಿಯನ್ನೇ ಕಿತ್ತು ಹೊತ್ತು ತಂದಿದ್ದರು. ಹೆಂಗಸರು ಸ್ಟೂಲುಗಳನ್ನು ಸರಿಸಿ ದಾರಿ ಬಿಟ್ಟರು. ಏಸಿ ಅವರ ನಡುವೆಯೇ ಮೆರವಣಿಗೆಯಲ್ಲಿ ಸಾಗಿ, ಹಾಲಿನ ತುದಿಯ ಕೋಟಿನ ಗೋದಾಮನ್ನು ಹೊಕ್ಕಿತು.

ಮೇಲ್ವಿಚಾರಕ ಹೆಮ್ಮೆಯಿಂದ ವಿವರಿಸಿದ. ದೊಡ್ಡ ಮೇಡಂ ಒಬ್ಬರು ಬಂದಿದ್ದರಂತೆ. ಹೆಂಗಸರ ಬೆವರಿಗೆ ಕೋಟು ಹಾಳಾಗುತ್ತಿದೆ ಎಂದು ಬೈದರಂತೆ. ಇನ್ನು ಮೇಲೆ ಹೊಲಿದ ಕೋಟು ಕೂಡಲೇ ತಂಪಿಗೆ ಹೋಗಬೇಕು.

ಏಸಿ ಗುಂಯ್‌ಗುಟ್ಟಿತು. ಕಿಟಕಿಗಳಿಗೆ ಮೊಳೆ ಇದ್ದುದರಿಂದ ಅದರ ಬಿಸಿಯುಸಿರು ಹಾಲಿನೊಳಗೇ, ನೇರ ಕಾಜಾ ಅಕ್ಕನ ಕುತ್ತಿಗೆಗೆ ಬೀಸತೊಡಗಿತು.

"ನೀನು ಕೋಟು ಹಾಕ್ಕೊಂಡು ಕೇಳಿದೆ," ಎಂದಳು ಕಾಲರತ್ತೆ, "ಗಾಳಿ ಕೋಟಿನ ಪಾಲಾಯ್ತು."

ಕಾಜಾ ಅಕ್ಕ ಕುತ್ತಿಗೆ ಒರೆಸಿಕೊಂಡಳು. "ನಾಳೆ ಎಲ್ಲರೂ ಹೋಗೋಣ ಅತ್ತೆ. ಈ ಬೆವರಲ್ಲೇ."