ಮಾಲೀಕರ ಹಡಗು, ನನ್ನ ಥಿನ್ನರ್

ಕೇಳಿದವರಿಗೆ ಸಲಹೆ ಯಾರು ಬೇಕಾದರೂ ಕೊಡುತ್ತಾರೆ. ಕೇಳದವರನ್ನೂ ನಿಲ್ಲಿಸಿಕೊಂಡು, ಅವರು ಚೀಲ ಈ ಕೈಯಿಂದ ಆ ಕೈಗೆ ಬದಲಾಯಿಸುವಷ್ಟು ಹೊತ್ತು ಕೊಡುವವನು ನಾನು. ವಾಸ್ಕೋದ ಮಂಗೋರ್ ಹಿಲ್‌ನಲ್ಲಿ ನನ್ನದೊಂದು ಬಣ್ಣದ ಅಂಗಡಿ. ಬೈಲಹೊಂಗಲದಿಂದ ಬರಿಗೈಯಲ್ಲಿ ಬಂದು, ಮೊದಲ ಮೂರು ವರ್ಷ ಬ್ರಷ್ಷುಗಳನ್ನು ಹೆಗಲಿಗೆ ತೂಗುಹಾಕಿಕೊಂಡು ಮನೆಮನೆ ತಿರುಗಿ ಮಾರಿದವನು. ನಿಮ್ಮ ಮಾತು ನಿಂತರೆ ಸಾಕೆಂದು ಜನ ಬ್ರಷ್ಷು ಕೊಂಡರು ಎನ್ನುತ್ತಾಳೆ ನನ್ನ ಹೆಂಡತಿ ನೀಲವ್ವ. ಇರಬಹುದು, ವ್ಯಾಪಾರವಂತೂ ಆಯಿತಲ್ಲ. ನೀವೂ ಒಂದು ಮಾತು ಕೇಳಿಟ್ಟುಕೊಳ್ಳಿ: ಗೋವಾದಲ್ಲಿ ಮಳೆಗಾಲ ಮುಗಿದು ಗೋಡೆ ಪೂರ್ತಿ ಒಣಗುವ ತನಕ ಬಣ್ಣ ಹಚ್ಚಬೇಡಿ. ನಾವೇನು ಕೇಳಿದೆವೇ ಎನ್ನುತ್ತೀರಾ? ಅದನ್ನೇ ನಾನು ಹೇಳಲು ಹೊರಟಿದ್ದು.

ಅಂಗಡಿಯ ಜಾಗ ಮಿಂಗೆಲ್ ಬಾಬ್ ಅವರದು. ಬಹಳ ವರ್ಷ ಹಡಗಿನಲ್ಲಿ ಎಂಜಿನಿಯರ್ ಆಗಿದ್ದು, ನಿವೃತ್ತರಾಗಿ, ಅಂಗಡಿಯ ಮೇಲಿನ ಮನೆಯಲ್ಲೇ ಇರುತ್ತಾರೆ. ನಮ್ಮ ಮಾತುಕತೆ ಕೊಂಕಣಿಯಲ್ಲಿ; ನನಗೆ ಅವರು ಬಾಬ್, ಅಂದರೆ ಯಜಮಾನರು, ಅವರಿಗೆ ನಾನು ಶೆಟ್, ಅಂದರೆ ಸಾಹುಕಾರ. ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಹನ್ನೊಂದು ತಿಂಗಳಿಗೊಮ್ಮೆ ಕರಾರು ಹೊಸದು ಮಾಡಬೇಕು. ಪ್ರತಿ ಸಲವೂ ನಾನು ಚೌಕಾಸಿ ಮಾಡಿ, ಅವರನ್ನು ಸುಸ್ತುಮಾಡಿ, ಸಹಿ ಹಾಕಿಸಿಕೊಂಡು ಬರುತ್ತಿದ್ದೆ. ಆ ವರ್ಷ ಮಾತ್ರ ಕಥೆ ಬೇರೆಯಾಯಿತು. ಎಲ್ಲೆಡೆ ಮೊಬೈಲ್ ಅಂಗಡಿ ತೆರೆಯುತ್ತಿದ್ದ ಕಾಲ ಅದು. ಯಾವನೋ ಒಬ್ಬ ಎರಡು ಸಲ ಬಂದು ನನ್ನ ಅಂಗಡಿಯ ಅಗಲವನ್ನು ಹೆಜ್ಜೆಯಲ್ಲಿ ಅಳೆದುಕೊಂಡು, ಮೇಲೆ ಹೋಗಿ ಬಾಬ್ ಜೊತೆ ಚಹಾ ಕುಡಿದು ಹೋಗಿದ್ದ. ಕರಾರು ಮುಗಿಯಲು ಹದಿನೈದು ದಿನ ಉಳಿದಿತ್ತು. ಬಾಬ್ ಮಾತ್ರ ತುಟಿ ಬಿಚ್ಚಿರಲಿಲ್ಲ.

ಅದಕ್ಕೆ ಮೊದಲೇ ನಾನು ಒಂದು ಕೆಡುಕು ಮಾಡಿಕೊಂಡಿದ್ದೆ. ದುಬೈಯಲ್ಲಿದ್ದ ಬಾಬ್ ಅವರ ಮಗ ಅವರಿಗೊಂದು ಪ್ಲಾಸ್ಟಿಕ್ ಹಡಗು ಕಳಿಸಿದ್ದ. ಬಿಡಿ ಚೂರುಗಳನ್ನೆಲ್ಲ ಅಂಟಿಸಿ ನಾವೇ ಕಟ್ಟಿಕೊಳ್ಳುವಂಥದ್ದು. ಬಾಬ್ ಮೊದಲ ಕೆಲಸಕ್ಕೆ ಸೇರಿದ ಹಡಗಿನ ಜಾತಿಯದೇ. ನಾಲ್ಕು ತಿಂಗಳು ಚಿಮಟ ಹಿಡಿದು ಕಟ್ಟಿದ್ದರು. ಇದಕ್ಕೆಂದೇ ಪುಟ್ಟ ಬಾಟಲಿಗಳಲ್ಲಿ ಬೇರೆ ಬಣ್ಣ ಸಿಗುತ್ತದೆ, ಮಗನಿಗೆ ಹೇಳಿ ತರಿಸುತ್ತೇನೆ ಅಂದರು. ನಾನು ಬಿಡಬೇಕಲ್ಲ? ಗೇಟಿಗೆ ಹಚ್ಚುವ ಎನಾಮಲ್ಲಿನ ಸಣ್ಣ ಡಬ್ಬಿ ಕೈಗಿತ್ತು, “ದಪ್ಪಗೆ ಎರಡು ಕೈ ಹೊಡೆಯಿರಿ ಬಾಬ್, ಸಮುದ್ರಕ್ಕೆ ಇಳಿಸಿದರೂ ಏನೂ ಆಗಲ್ಲ” ಎಂದೆ.

ವಾರ ಬಿಟ್ಟು ಹಡಗನ್ನು ಎತ್ತಿಕೊಂಡು ಬಂದು ನನ್ನ ಗಲ್ಲಾದ ಮೇಲಿಟ್ಟರು. ಕಡಲೆಹಿಟ್ಟಿನಲ್ಲಿ ಅದ್ದಿ ತೆಗೆದ ಬದನೆಕಾಯಿಯ ಹಾಗಿತ್ತು.

“ಶೆಟ್, ಇದರ ಕಿಟಕಿಗಳೆಲ್ಲಿ?”

“ಒಳಗಿವೆ ಬಾಬ್.”

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಒಂದೆರಡು ಮಾತಾಡಿ ಸರಿಮಾಡಿಕೊಳ್ಳುತ್ತಿದ್ದೆ. ಹಡಗನ್ನು ನನ್ನ ಕಡೆಗೆ ತಿರುಗಿಸಿಟ್ಟರು. ಅವರ ಹಿಂದೆ ಮೊಬೈಲ್ ಅಂಗಡಿಯ ಬೋರ್ಡು ಹೊಳೆದಂತಾಯಿತು ನನಗೆ. “ಬಣ್ಣ ತೆಗೆಯುವುದು ನನ್ನ ಜವಾಬ್ದಾರಿ. ಎರಡು ದಿನ ಕೊಡಿ” ಎಂದು ಹಡಗನ್ನು ಮನೆಗೆ ತಂದೆ.

ನೀಲವ್ವ ನೋಡಿ, “ಅವರು ತಗೀ ಅಂದ್ರೇನು, ನೀವ ಮೈಮ್ಯಾಲೆ ಹಾಕ್ಕೊಂಡ್ರೋ?” ಎಂದಳು. ನಾನ ಹಾಕ್ಕೊಂಡೆ ಎಂದೆ. “ಅಂಗಡಿ ಹೋದ್ರ ಸಲಹಾ ಎಲ್ಲೆ ಕುಂತು ಕೊಡ್ತೀರಿ? ನನಗಂತೂ ಬ್ಯಾಡ್ರಿ” ಎಂದು ಒಳಗೆ ಹೋದಳು.

ಮೊದಲು ಟರ್ಪೆಂಟೈನ್ ಹಾಕಿ ಉಜ್ಜಿದೆ. ಒಣಗಿದ ಎನಾಮಲ್ ಜಪ್ಪಯ್ಯ ಅನ್ನಲಿಲ್ಲ. ಎಷ್ಟು ಗಟ್ಟಿ ಮಾಲು ಮಾರಿದ್ದೇನೆಂದು ಒಂದು ಗಳಿಗೆ ಹೆಮ್ಮೆಯೂ ಆಯಿತು. ಆಮೇಲೆ ಅಂಗಡಿಯಲ್ಲಿದ್ದ ಜೋರು ಥಿನ್ನರನ್ನು ಬಟ್ಟೆಗೆ ಹಚ್ಚಿ ಹೊಗೆಕೊಳವೆಗೆ ಸುತ್ತಿದೆ. ಬಣ್ಣ ಬಂತು. ಬಣ್ಣದ ಹಿಂದೆಯೇ ಪ್ಲಾಸ್ಟಿಕ್ಕೂ ಬಂತು. ಬಟ್ಟೆ ಬಿಚ್ಚುವಷ್ಟರಲ್ಲಿ ಕೊಳವೆ ಬಿಸಿಲಿಗಿಟ್ಟ ಬೆಲ್ಲದಂತೆ ಮೆತ್ತಗಾಗಿ ಒಂದು ಕಡೆ ತಲೆಬಾಗಿಸಿ ಕೂತಿತ್ತು.

ಮರುದಿನ ಬಾಗಲಕೋಟೆ ಕಡೆಯ ಪೇಂಟರ್ ಬಸಪ್ಪ ಸುಣ್ಣದ ಚೀಲ ಒಯ್ಯಲು ಬಂದ. ಹತ್ತು ವರ್ಷದಿಂದ ನನ್ನ ಸಲಹೆ ಕೇಳಿಸಿಕೊಳ್ಳುತ್ತಿರುವ ಗಿರಾಕಿ. ಅವನ ಬಾಯಿಂದ ನಾನು ಒಂದನ್ನೂ ಕೇಳಿರಲಿಲ್ಲ. ಗಲ್ಲಾದ ಕೆಳಗೆ ನಾನು ತಂದಿಟ್ಟಿದ್ದ ಹಡಗನ್ನು ಬಗ್ಗಿ ನೋಡಿ, ಮೆತ್ತಗಾದ ಕೊಳವೆಯನ್ನು ಮೂಸಿದ.

“ಸಾವ್ಕಾರ್ರ, ಥಿನ್ನರ್ ಯಾವ ಡಬ್ಬ್ಯಾಗ ಬರ್ತೈತ್ರಿ?”

“ತಗಡಿನ ಡಬ್ಬ್ಯಾಗ.”

“ಬ್ರೇಕ್ ಆಯಿಲ್?”

“ಪ್ಲಾಸ್ಟಿಕ್ ಬಾಟ್ಲ್ಯಾಗ.”

“ಮತ್ತ? ಜೀಪಿನ ಮ್ಯಾಲೆ ಬ್ರೇಕ್ ಆಯಿಲ್ ಚೆಲ್ಲಿದ್ರ ಬಣ್ಣ ಸುಲದ ಬರ್ತೈತಿ, ಬಾಟ್ಲಿಗೇನೂ ಆಗೂದಿಲ್ಲ. ಅದರಾಗ ಹಾಕ್ರಿ. ಇಷ್ಟ ವರ್ಷ ಥಿನ್ನರ್ ಮಾರಾಕತ್ತೀರಿ, ತಗಡ ಯಾಕಂತ ಒಮ್ಮಿನೂ ಕೇಳ್ಲಿಲ್ಲೇನ್ರಿ?”

ಕೇಳಿರಲಿಲ್ಲ. ಖಾಲಿ ಡಬ್ಬ ಎಷ್ಟಕ್ಕೆ ಹೋಗುತ್ತದೆ ಎಂದು ಮಾತ್ರ ಕೇಳಿದ್ದೆ.

ಐಸ್‌ಕ್ರೀಮಿನ ಹಳೆಯ ಡಬ್ಬದಲ್ಲಿ ಬ್ರೇಕ್ ಆಯಿಲ್ ಸುರಿದು ಹಡಗನ್ನು ಮುಳುಗಿಸಿದೆ. ಮಾರನೆಯ ಮಧ್ಯಾಹ್ನಕ್ಕೆ ಎನಾಮಲ್ ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದಿತ್ತು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು (ನೀವೂ ಕಟ್ಟಿಕೊಳ್ಳಿ, ಚರ್ಮ ಉರಿಯುತ್ತದೆ) ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಸೋಪಿನ ನೀರಿನಲ್ಲಿ ತೊಳೆದೆ. ಅಂಟು ಸಡಿಲವಾಗಿ, ಜೀವ ಉಳಿಸುವ ಎರಡು ದೋಣಿಗಳು ಹಡಗು ಬಿಟ್ಟು ತಮ್ಮ ಜೀವ ಉಳಿಸಿಕೊಂಡಿದ್ದವು. ಅವನ್ನು ಹುಡುಕಿ ಅಂಟಿಸಿದೆ. ಕಿಟಕಿಗಳು ಒಂದೊಂದೇ ಕಣ್ಣು ಬಿಟ್ಟವು. ಕೊಳವೆ ಮಾತ್ರ ಬಾಗಿದ ತಲೆ ಎತ್ತಲಿಲ್ಲ.

ಹಡಗು ಒಂದು ಕೈಯಲ್ಲಿ, ಕರಾರಿನ ಕಾಗದ ಇನ್ನೊಂದು ಕೈಯಲ್ಲಿ ಹಿಡಿದು ಮೇಲೆ ಹೋದೆ. ಬಾಬ್ ಕನ್ನಡಕ ಹಾಕಿಕೊಂಡು ಕಿಟಕಿಗಳ ಮೇಲೆ ಉಗುರು ಆಡಿಸಿದರು. ಕೆಳಗಿನ ಸಾಲಿನಲ್ಲಿ ಹಿಂದಿನಿಂದ ಮೂರನೆಯದರ ಹತ್ತಿರ ಉಗುರು ನಿಂತಿತು. “ಇಲ್ಲಿ ಮಲಗುತ್ತಿದ್ದೆ” ಎಂದರು. ನಾನು ಕಾಗದ ಮುಂದೆ ಸರಿಸಿದೆ. ಅಷ್ಟರಲ್ಲಿ ಅವರ ಕಣ್ಣು ಮೇಲೆ ಹೋಯಿತು.

“ಹಡಗಿನ ಹೊಗೆಕೊಳವೆ ಹಿಂದಕ್ಕೆ ವಾಲಿರುತ್ತದೆ, ಶೆಟ್. ಇದು ಮುಂದಕ್ಕೆ ವಾಲಿದೆ. ನನ್ನ ಹಡಗು ರಿವರ್ಸ್ ಹೊರಟಿದೆಯಾ?”

ಪೆಟ್ಟಿಗೆಯಲ್ಲೇ ಹಾಗಿತ್ತು ಎನ್ನುವ ಮಾತು ನಾಲಿಗೆಯ ಮೇಲೆ ತಯಾರಿತ್ತು. ಆದರೆ ಅವರ ಉಗುರು ಇನ್ನೂ ಆ ಮೂರನೆಯ ಕಿಟಕಿಯ ಮೇಲಿತ್ತು. ಟರ್ಪೆಂಟೈನ್‌ನಿಂದ ಬಸಪ್ಪನವರೆಗೆ ಎಲ್ಲವನ್ನೂ ಒದರಿಬಿಟ್ಟೆ. ಅವರು ಬಹಳ ಹೊತ್ತು ನಕ್ಕರು. ಕೆಮ್ಮು ಬರುವವರೆಗೂ ನಕ್ಕರು. ಕೆಮ್ಮಿಗೆ ಲವಂಗ ಒಳ್ಳೆಯದು ಎಂದು ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. ಪೆನ್ನು ತೆಗೆದು, ಕರಾರಿನ ಕೊನೆಯ ಷರತ್ತಿನ ಕೆಳಗೆ ಕೈಯಿಂದಲೇ ಒಂದು ಸಾಲು ಬರೆದರು: ಬಾಡಿಗೆದಾರನು ಮಾಲೀಕನಿಗೆ ಯಾವ ವಿಷಯದಲ್ಲೂ ಸಲಹೆ ಕೊಡತಕ್ಕದ್ದಲ್ಲ.

“ನೀವಾಗಿ ಕೇಳಿದರೆ, ಬಾಬ್?”

“ಕೇಳುವುದಿಲ್ಲ.”

“ಅಂಗಡಿಗೆ ಬೆಂಕಿ ಬಿದ್ದರೆ?”

“ಬೆಂಕಿ ಬಿದ್ದರೆ ಹೇಳಬಹುದು” ಎಂದು ಅದನ್ನೂ ಸೇರಿಸಿದರು. ಅಷ್ಟಾದರೂ ಚೌಕಾಸಿಯಲ್ಲಿ ದಕ್ಕಿತು. ಇಬ್ಬರೂ ಸಹಿ ಹಾಕಿದೆವು.

ಮುಂದಿನ ತಿಂಗಳು ಮಗ ಪುಟ್ಟ ಬಾಟಲಿಗಳನ್ನು ಕಳಿಸಿದ. ಬಾಬ್ ಅವನ್ನು ಹಿಡಿದುಕೊಂಡು ನನ್ನ ಅಂಗಡಿಗೇ ಬಂದರು. ನನ್ನ ಗಲ್ಲಾದ ಮುಂದೆಯೇ ನಿಂತು, ಮಾಲಿಗೆ ಬಂದಿದ್ದ ಬಸಪ್ಪನನ್ನು ಕೇಳಿದರು, ಎಷ್ಟು ಕೈ ಹೊಡೆಯಬೇಕು ಎಂದು. “ತೆಳ್ಳಗ ಎರಡು ಕೈ. ನಡುವ ಒಂದಿನ ಬಿಡ್ರಿ” ಎಂಬ ಅರ್ಥದ ಮಾತನ್ನು ಬಸಪ್ಪ ತನಗೆ ಬರುವ ಹಿಂದಿಯಲ್ಲಿ ಹೇಳಿದ. ಅಷ್ಟೇ. ಬಾಬ್ ತಲೆಯಾಡಿಸಿ ಮೆಟ್ಟಿಲು ಹತ್ತಿದರು. ಅದೇ ವಿಷಯದ ಮೇಲೆ ನನ್ನೊಳಗೆ ಅರ್ಧ ಗಂಟೆಯ ಮಾಲು ತುಂಬಿ, ಗಂಟಲವರೆಗೂ ಬಂದು ನಿಂತಿತ್ತು. ಬಸಪ್ಪ ಇನ್ನೂ ಅಲ್ಲೇ ಇದ್ದ. ಅವನ ಹೆಸರು ಕರಾರಿನಲ್ಲಿ ಎಲ್ಲೂ ಇರಲಿಲ್ಲ. “ಬಸಪ್ಪ, ಬಾ ಇಲ್ಲೆ, ಕುಂದ್ರು” ಎಂದು ಸ್ಟೂಲು ಎಳೆದೆ.