ಗುಡಿಯ ಬಸವನವರ ಏಳರ ಮಗ್ಗಿ

ಹಣೆಗೆ ವಿಭೂತಿ, ಕೊರಳಿಗೆ ಗೆಜ್ಜೆಸರ ಧರಿಸಿ, ಸಂತೆಯ ಸಮಸ್ತ ಕಾಯಿಪಲ್ಲೆ ಅಂಗಡಿಗಳ ಮೊದಲ ಗಿರಾಕಿಯಾಗಿ, ರಾತ್ರಿ ಗುಡಿಯ ಕಟ್ಟೆಯ ಬಳಿಯೂ ಹಗಲು ನಮ್ಮ ಮೂರನೆಯ ತರಗತಿಯ ಕಿಟಕಿಯಲ್ಲಿಯೂ ವಾಸವಾಗಿರುವ ಶ್ರೀ ಗುಡಿಯ ಬಸವನವರ ನಾಲ್ಕೂ ಗೊರಸುಗಳಿಗೆ, ಬೈಲಹೊಂಗಲದಿಂದ ದಿನಾಲು ಬಸ್ಸಿನಲ್ಲಿ ನಿಂತುಕೊಂಡೇ ಬರುವ ಸರ್ಕಾರಿ ಶಾಲೆಯ ಶಿಕ್ಷಕಿ ಮಹಾನಂದಾ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನನಗೆ ಗೊತ್ತಿದೆ, ಏಕೆಂದರೆ ತಮ್ಮ ಉಸಿರು ದಿನವಿಡೀ ನನ್ನ ಎಡಗಿವಿಗೆ ಬಡಿಯುತ್ತಿರುತ್ತದೆ. ಕರುವಾಗಿದ್ದಾಗಲೇ ತಮ್ಮನ್ನು ದೇವರ ಹೆಸರಿನಲ್ಲಿ ಬಿಟ್ಟದ್ದರಿಂದ ತಮಗೆ ಹಗ್ಗವಿಲ್ಲ, ನೊಗವಿಲ್ಲ, ಹಚಾ ಅನ್ನುವವರಿಲ್ಲ. ಯಾರ ಹೊಲಕ್ಕೆ ಬಾಯಿ ಹಾಕಿದರೂ ಅವರು ತಮ್ಮ ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಇಷ್ಟು ಅನುಕೂಲದ ನೌಕರಿ ಇರುವವರು ಸ್ವಾತಂತ್ರ್ಯ ದಿನದಂದು ಬೂಂದಿ ಲಾಡುವಿನ ವಾಸನೆ ಹಿಡಿದು ನಮ್ಮ ಶಾಲೆಯ ಅಂಗಳಕ್ಕೆ ಬಂದದ್ದು ನಮ್ಮ ಭಾಗ್ಯ. ಲಾಡು ಮುಗಿದ ಮೇಲೂ ತಾವು ಹೋಗಲಿಲ್ಲ ಎನ್ನುವುದರ ಕುರಿತೇ ಈ ಪತ್ರ.

ತಮ್ಮಿಂದ ಶಾಲೆಗೆ ಆದ ಉಪಕಾರವನ್ನು ಮೊದಲು ಹೇಳದಿದ್ದರೆ ನಾನು ಕೃತಘ್ನಳಾಗುತ್ತೇನೆ. ಮನೆಮನೆ ತಿರುಗಿ ಕರೆದರೂ ಬಾರದಿದ್ದ ಮಕ್ಕಳು ಈಗ ತಮ್ಮ ಕೊಂಬು ಮುಟ್ಟುವ ಆಸೆಗೆ ನನಗಿಂತ ಮುಂಚೆ ಬಂದು ಕೂಡುತ್ತಾರೆ. ಬಿಸಿಯೂಟದಲ್ಲಿ ಮೊಟ್ಟೆ ಬೇಡುತ್ತಿದ್ದವರೆಲ್ಲ ಸಿಪ್ಪೆಯನ್ನು ತಮಗೆ ಅರ್ಪಿಸುವ ಸಲುವಾಗಿ ಒಮ್ಮೆಲೇ ಬಾಳೆಹಣ್ಣಿನವರಾದರು; ಅಡುಗೆಯ ರಾಚವ್ವ, ಬೇಯಿಸಿದ ಮೊಟ್ಟೆಗಳನ್ನು ಯಾರ ತಲೆಗೆ ಕಟ್ಟಲಿ ಎಂದು ನನ್ನನ್ನೇ ಕೇಳುತ್ತಾಳೆ. ಶನಿವಾರದ ಮುಂಜಾನೆ ಶಾಲೆಯಲ್ಲಿ ಮಕ್ಕಳು ಕವಾಯತು ಮಾಡುವಾಗ ತಾವು ಬಾಲವನ್ನು ಎಡಕ್ಕೂ ಬಲಕ್ಕೂ ಬೀಸುವ ಶಿಸ್ತು ನೋಡಿದರೆ, ನಮ್ಮ ಇಲಾಖೆಯಲ್ಲಿ ಹಾಗೆ ಕವಾಯತು ಮಾಡಬಲ್ಲವರು ಯಾರೂ ಇಲ್ಲ ಅನಿಸುತ್ತದೆ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಊರು ಇದು. ಅದನ್ನೇ ಹಿಡಿದುಕೊಂಡು, ತಮ್ಮನ್ನು ಬಸಪ್ಪ ಎಂದು ಕರೆಯುವ ನನ್ನ ಮಕ್ಕಳು, ಬಸಪ್ಪ ನಮ್ಮ ತರಗತಿಯವನೇ ಆದ ಮೇಲೆ ಸೋಮವಾರ ನಮ್ಮ ಕೈಗೂ ಪೆನ್ಸಿಲ್ ಕೊಡಬಾರದು ಎಂದು ಮನವಿ ಸಲ್ಲಿಸಿದ್ದಾರೆ. ಮನವಿಯ ಒಕ್ಕಣೆ ಚೆನ್ನಾಗಿದ್ದುದರಿಂದ ಅದನ್ನೇ ಆ ದಿನದ ಶುದ್ಧಬರಹವೆಂದು ತಿದ್ದಿಕೊಟ್ಟೆ.

ಇಷ್ಟಕ್ಕೇ ನಿಂತಿದ್ದರೆ ನಾನು ಲೇಖನಿ ಎತ್ತುತ್ತಿರಲಿಲ್ಲ. ಆದರೆ ತಾವು ಪರೀಕ್ಷಕರಾದಿರಿ.

ಈ ಊರಿನವರಿಗೆ ತಮ್ಮನ್ನು ಕೇಳಿ ನಿರ್ಧಾರ ಮಾಡುವ ಪದ್ಧತಿ ಇದೆ. ಬೋರು ಎಲ್ಲಿ ಹೊಡೆಸಬೇಕು, ಕಿತ್ತೂರಿನ ಹೆಣ್ಣು ತರಬೇಕೋ ಸವದತ್ತಿಯದೋ ಎಂದು ತಮ್ಮ ಮುಂದೆ ನಿಂತು ಕೇಳುತ್ತಾರೆ. ತಾವು ತಲೆಯನ್ನು ಮೇಲೆ ಕೆಳಗೆ ಆಡಿಸಿದರೆ ಹೌದು, ಅಡ್ಡಡ್ಡ ಆಡಿಸಿದರೆ ಅಲ್ಲ. ತಮ್ಮ ತಲೆಯ ಮೇಲೆ ಕೂತ ನೊಣದ ಅಭಿಪ್ರಾಯವನ್ನು ಇದುವರೆಗೆ ಯಾರೂ ಕೇಳಿಲ್ಲ. ದೊಡ್ಡವರು ಬೋರಿಗೆ ಬಳಸಿದ ಈ ಪದ್ಧತಿಯನ್ನು ಮಕ್ಕಳು ಗಣಿತಕ್ಕೆ ಬಳಸತೊಡಗಿದರು. ನಾನು ಪ್ರಶ್ನೆ ಕೇಳಿದರೆ ತರಗತಿಗೆ ತರಗತಿಯೇ ಹಲಗೆಗೆ ಬೆನ್ನು ತಿರುಗಿಸಿ ಕಿಟಕಿಯ ಕಡೆ ನೋಡುತ್ತದೆ. ಮೊದಮೊದಲು ನನಗೂ ತಮಾಷೆ ಅನಿಸಿತ್ತು, ಏಕೆಂದರೆ ಆರರ ಮಗ್ಗಿಯವರೆಗೆ ತಮ್ಮ ನೊಣಗಳು ಹೇಗೋ ಪಠ್ಯಪುಸ್ತಕದಂತೆಯೇ ನಡೆದುಕೊಂಡವು.

ಕಳೆದ ವಾರ ಏಳರ ಮಗ್ಗಿ ಬಂತು. ಬರೀ ಬಾಯಿಪಾಠ ಬೇಡ, ಎಣಿಸಿ ತಿಳಿಯಲಿ ಎಂದು ಮಕ್ಕಳು ಮನೆಯಿಂದ ತಂದ ಶೇಂಗಾವನ್ನು ಕಿಟಕಿಗೆ ಹತ್ತಿದ ಮೇಜಿನ ಮೇಲೆ ಎಂಟೆಂಟರಂತೆ ಏಳು ಸಾಲು ಜೋಡಿಸಿದೆ. ಜೋಡಿಸಿದವಳು ನಾನೇ, ಎರಡು ಸಲ ಎಣಿಸಿದವಳೂ ನಾನೇ. ಹಲಗೆಯ ಕಡೆ ತಿರುಗಿ ಪಾಠದ ಹೆಸರು ಬರೆದು, ಈಗ ಎಣಿಸಿರಿ ಎಂದೆ. ಮುಂದಿನ ಸಾಲಿನ ಕಲ್ಮೇಶ ಒಂದೊಂದಾಗಿ ಮುಟ್ಟಿ ಎಣಿಸಿ ಐವತ್ನಾಲ್ಕು ಎಂದ. ಅದೇ ಹೊತ್ತಿಗೆ ಕಿಟಕಿಯ ಸರಳುಗಳ ಆಚೆ ತಾವು ತುಂಬ ಗಂಭೀರವಾಗಿ ತಲೆಯನ್ನು ಮೇಲೆ ಕೆಳಗೆ ಆಡಿಸಿದಿರಿ. ಕಿಟಕಿಯ ಪಕ್ಕದಲ್ಲೇ ಕೂಡುವ ಭಾಗೀರಥಿ ಎದ್ದು, ಏಳೆಂಟ್ಲೆ ಐವತ್ತಾರು ಎಂದಳು. ತಾವು ತಲೆಯನ್ನು ಅಡ್ಡಡ್ಡ ಆಡಿಸಿದಿರಿ. ಇನ್ನೊಮ್ಮೆ ಎಣಿಸೋಣ ಎಂದು ನಾನು ಬರುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು, ಮಕ್ಕಳು ಸಾಕ್ಷಿಯನ್ನೆಲ್ಲ ಸುಲಿದು ತಿಂದರು.

ಮರುದಿನ ಹುಣಸೆ ಬೀಜ ಇಟ್ಟು ಎಣಿಸಿದೆ. ಐವತ್ತಾರೇ ಬಂತು. ಹುಣಸೆ ಬೀಜದ ಲೆಕ್ಕ ಬೇರೆ, ಶೇಂಗಾದ ಲೆಕ್ಕ ಬೇರೆ ಎಂದು ಕಲ್ಮೇಶ ನನಗೆ ತಿಳಿಹೇಳಿದ. ಸಂಜೆಗೆ ಸುದ್ದಿ ಊರಿಗೆ ಮುಟ್ಟಿತು. ಗುಡಿಯ ಕಮಿಟಿಗೂ ಶಾಲೆಯ ಕಮಿಟಿಗೂ ಅಧ್ಯಕ್ಷರು ಬಸಲಿಂಗಪ್ಪನವರೊಬ್ಬರೇ ಆದ್ದರಿಂದ ವ್ಯಾಜ್ಯ ಬೇಗ ಇತ್ಯರ್ಥವಾಯಿತು. ದೇವರು ಒಪ್ಪಿದ ಲೆಕ್ಕದಲ್ಲಿ ಹೆಣ್ಣುಮಗಳು ಹೆಚ್ಚು ವಾದ ಮಾಡುವುದು ಚೆಂದವಲ್ಲವೆಂದೂ, ಪುಸ್ತಕದಲ್ಲಿ ಐವತ್ತಾರು ಇರಲಿ, ನಮ್ಮ ಊರಿಗೆ ಐವತ್ನಾಲ್ಕು ಸಾಕೆಂದೂ ಅವರು ನನಗೆ ಚಹಾ ಕುಡಿಸಿ ಸಮಾಧಾನ ಹೇಳಿದರು. ಇದೇ ಬಸಲಿಂಗಪ್ಪನವರು ಬೈಲಹೊಂಗಲದ ಪೇಟೆಗೆ ಏಳು ಗಾಡಿಗಳಲ್ಲಿ ಎಂಟೆಂಟು ಚೀಲ ಕಳಿಸಿದಾಗ ಐವತ್ತಾರು ಚೀಲದ ಹಣ ಎಣಿಸಿಕೊಳ್ಳದೆ ಅಡತಿ ಅಂಗಡಿಯವನನ್ನು ಬಿಡುವುದಿಲ್ಲ. ಆಗ ತಮ್ಮನ್ನು ಪೇಟೆಗೆ ಕರೆದೊಯ್ಯುವುದನ್ನು ಅವರು ಹೇಗೆ ಮರೆಯುತ್ತಾರೋ ತಿಳಿಯದು.

ನನ್ನ ಮಾನ ಹೋದದ್ದಕ್ಕೆ ನಾನು ದೂರುವುದಿಲ್ಲ, ಅದು ಬಸ್ಸಿನಲ್ಲಿ ದಿನಾ ಎರಡು ಸಲ ಹೋಗುತ್ತದೆ. ನನ್ನ ದೂರು ಭಾಗೀರಥಿಯ ಸಲುವಾಗಿ.

ನಮ್ಮ ತರಗತಿಯಲ್ಲಿ ಪ್ರತಿ ಶನಿವಾರ ಮಕ್ಕಳೇ ಕೈ ಎತ್ತಿ ಮುಂದಿನ ವಾರದ ನಾಯಕರನ್ನು ಆರಿಸುತ್ತಾರೆ. ಸೀಮೆಸುಣ್ಣ ತರುವುದು, ಗಿಡಗಳಿಗೆ ನೀರು ಹಾಕುವುದು, ಗದ್ದಲ ಮಾಡುವವರ ಮೇಲೆ ಕಣ್ಣಿಡುವುದು ನಾಯಕರ ಕೆಲಸ. ಇದನ್ನೆಲ್ಲ ಅಚ್ಚುಕಟ್ಟಾಗಿ ಮಾಡುತ್ತಿದ್ದ ಭಾಗೀರಥಿಯನ್ನು ಆ ಶನಿವಾರ ಇಳಿಸಿ, ಅವಿರೋಧವಾಗಿ ತಮ್ಮನ್ನು ಆರಿಸಿದರು. ಬಸಪ್ಪನಿಗೇ ಎದುರಾಡಿದವಳು ಬೇಡ ಎಂಬುದೊಂದೇ ಕಾರಣ. ತಾವು ಅಧಿಕಾರ ವಹಿಸಿಕೊಂಡ ಮೊದಲ ದಿನವೇ ಗಿಡಗಳನ್ನು ಬುಡಸಹಿತ ತಿಂದು, ನೀರು ಹಾಕುವ ಕೆಲಸವೇ ಇಲ್ಲದಂತೆ ಮಾಡಿದ ಆಡಳಿತ ಕೌಶಲ್ಯವನ್ನು ನಾನು ಮೆಚ್ಚಿದೆ. ಆದರೆ ಆ ಹುಡುಗಿ ಕೈ ಎತ್ತುವುದನ್ನೇ ಬಿಟ್ಟಳು. ಬಿಸಿಯೂಟದ ಸಾಲಿನಲ್ಲಿ ಕೊನೆಗೆ ಹೋಗಿ ನಿಂತಳು. ಬುಧವಾರ ಏಳೆಂಟ್ಲೆ ಎಷ್ಟು ಎಂದು ನಾನೇ ಕೇಳಿದಾಗ ತಲೆ ತಗ್ಗಿಸಿ, ಕೇಳಿಸಿಯೂ ಕೇಳಿಸದ ಹಾಗೆ, ಐವತ್ನಾಲ್ಕು ಎಂದಳು. ಬಸವನವರೇ, ಇದೊಂದು ಮಾತಿಗೆ ಮಾತ್ರ ನನಗೆ ನಗು ಬರಲಿಲ್ಲ. ಸರಿ ಉತ್ತರ ಗೊತ್ತಿದ್ದ ಮಗು ಹೆದರಿ ತಪ್ಪು ಉತ್ತರ ಹೇಳಿದ ದಿನ ನಾನು ಮಧ್ಯಾಹ್ನದ ಬುತ್ತಿಯನ್ನು ಬಿಚ್ಚದೆ ಹಾಗೇ ಮನೆಗೆ ಒಯ್ದೆ.

ಶುಕ್ರವಾರ ತಪಾಸಣೆಯ ಸಾಹೇಬರು ಬಂದದ್ದು ತಮಗೆ ನೆನಪಿರಬಹುದು, ಅವರ ಕೊರಳಿಗೆ ಹಾಕಿದ ಸೇವಂತಿಗೆ ಮಾಲೆಯನ್ನು ಅರ್ಧ ತಿಂದವರು ತಾವೇ. ಅವರು ತರಗತಿಗೆ ಬಂದು ಕೂತು, ಬೇಕೆಂದೇ ಎಂಬಂತೆ, ಏಳೆಂಟ್ಲೆ ಎಷ್ಟು ಎಂದು ಕೇಳಿದರು. ಇಡೀ ತರಗತಿ ಕಿಟಕಿಯ ಕಡೆ ಹೊರಳಿತು. ಸಾಹೇಬರೂ ಹೊರಳಿ ನೋಡಿದರು. ತಾವು ಮಾಲೆ ಮೆಲುಕು ಹಾಕುತ್ತ ನಿಂತಿದ್ದಿರಿ. ಮಕ್ಕಳೆಲ್ಲ ಒಂದೇ ದನಿಯಲ್ಲಿ ಐವತ್ನಾಲ್ಕು ಎಂದರು, ಬಾಗಿಲಲ್ಲಿ ನಿಂತಿದ್ದ ಬಸಲಿಂಗಪ್ಪನವರು ಹೌದೆಂಬಂತೆ ಕಣ್ಣು ಮುಚ್ಚಿ ತೆಗೆದರು. ಸಾಹೇಬರು ನನ್ನ ಕಡೆ ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ. ಇದನ್ನು ಕಲಿಸಿದವರು ಯಾರು ಎಂದು ಅವರು ಕೇಳಿದಾಗ ಇಪ್ಪತ್ತು ಮಕ್ಕಳ ಬೆರಳುಗಳು ತಮ್ಮ ಕಡೆ ತೋರಿಸಬೇಕಿತ್ತು. ಅಂದು ಮಾತ್ರ ಎಲ್ಲವೂ ನನ್ನ ಕಡೆ ತಿರುಗಿದವು.

ಆಗ ಭಾಗೀರಥಿ ಎದ್ದು ನಿಂತಳು. ನಾನು ಕೂಡು ಎನ್ನಲಿಲ್ಲ, ಏಳು ಎಂದೂ ಅಂದಿರಲಿಲ್ಲ. ಲಂಗದ ಅಂಚನ್ನು ಬೆರಳಿಗೆ ಸುತ್ತುತ್ತ, ಸಾಹೇಬರನ್ನು ನೋಡದೆ ತಮ್ಮನ್ನೇ ನೋಡುತ್ತ ಹೇಳಿದಳು.

"ಐವತ್ತಾರ್ರಿ. ಅಕ್ಕೋರು ಹಲಗಿ ಕಡೆ ತಿರುಗಿದಾಗ ಎರಡು ಬಸಪ್ಪ ತಿಂದಾನ್ರಿ. ನಾ ನೋಡೇನಿ."

ಬಸಲಿಂಗಪ್ಪನವರ ಮುಖ ಕೆಂಪಾಯಿತು. ದೇವರ ಮೇಲೆ ಕಳವು ಹೊರಿಸುತ್ತೀಯೇನೆಂದು ಅವರು ಅವಳನ್ನು ಕೇಳಿದರು, ಅದೂ ಮೆಲ್ಲಗೇನಲ್ಲ. ಎಂಟು ವರ್ಷದ ಹುಡುಗಿ, ಅಳುತ್ತಾಳೆ ಎಂದುಕೊಂಡು ನಾನು ಎರಡು ಹೆಜ್ಜೆ ಮುಂದೆ ಬಂದೆ.

"ಕಳವಲ್ರಿ ಅಜ್ಜಾ, ನೈವೇದ್ಯ," ಎಂದಳು. "ಆದ್ರ ಲೆಕ್ಕಕ್ಕ ಹಿಡೀಬೇಕಲ್ರಿ."

ತಾವು ಆಗ ತಲೆಯನ್ನು ಮೇಲೆ ಕೆಳಗೆ ಆಡಿಸಿದಿರಿ. ಒಂದು ಸಲವಲ್ಲ, ಗೆಜ್ಜೆಸರ ಘಲ್ಲೆನ್ನುವಂತೆ ಮೂರು ಸಲ. ಸೇವಂತಿಗೆಯ ದಾರ ಗಂಟಲಿಗೆ ಸಿಕ್ಕಿದ್ದರಿಂದ ಹಾಗೆ ಮಾಡಿದಿರೆಂದು ರಾಚವ್ವ ಆಮೇಲೆ ಹೇಳಿದಳು, ಆದರೆ ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಸಲಿಂಗಪ್ಪನವರು ಮುಂದೆ ಬಂದು ತಮ್ಮ ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು, ಆಮೇಲೆ ಏನೋ ನೆನಪಾದವರಂತೆ ಭಾಗೀರಥಿಯ ತಲೆಯನ್ನೂ ಮುಟ್ಟಿದರು. ಇದನ್ನು ಅವಳು ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ. ದೇವರು ತಿಂದದ್ದನ್ನು ಆಡಿ ತೋರಿಸಬಾರದೆಂದು ಅವ್ವ ಗದರಿದ್ದಳಂತೆ. ಆದರೆ ಸಾಹೇಬರು ನನ್ನನ್ನು ಬೈಯುವ ಹಾಗೆ ಕಂಡಿತಂತೆ. ಆ ಹುಡುಗಿ ಬಾಯಿ ಬಿಟ್ಟದ್ದು ಗಣಿತದ ಸಲುವಾಗಿ ಅಲ್ಲ, ನನ್ನ ಸಲುವಾಗಿ. ಅದನ್ನು ಕೇಳಿ ನಾನು ಹಲಗೆಯ ಕಡೆ ತಿರುಗಿ, ಒರೆಸಿದ್ದ ಹಲಗೆಯನ್ನೇ ಮತ್ತೊಮ್ಮೆ ಒರೆಸಿದೆ.

ಈಗ ಊರಿನ ತುಂಬ ಏಳೆಂಟ್ಲೆ ಐವತ್ತಾರು. ನಾನು ವಾರವಿಡೀ ಗಂಟಲು ಹರಿದುಕೊಂಡು ಹೇಳಿದ್ದರಿಂದ ಅಲ್ಲ, ತಾವು ಒಪ್ಪಿದಿರಿ ಎಂಬ ಕಾರಣಕ್ಕೆ. ನಿನ್ನೆ ಶನಿವಾರ ಭಾಗೀರಥಿ ಮತ್ತೆ ನಾಯಕಿಯಾದಳು, ತಾವು ಉಪನಾಯಕರು. ಕಲ್ಮೇಶ ಇಬ್ಬರಿಗೂ ಕೈ ಎತ್ತಿದ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ಇನ್ನು ಮುಂದೆ ತಲೆಯಾಡಿಸುವ ಮೊದಲು ಪಠ್ಯಪುಸ್ತಕವನ್ನು, ತಿನ್ನುವ ಉದ್ದೇಶವಿಲ್ಲದೆ, ಒಮ್ಮೆ ನೋಡಬೇಕು. ನೊಣಗಳನ್ನು ಬಾಲದಿಂದಷ್ಟೇ ಓಡಿಸಬೇಕು, ಏಕೆಂದರೆ ಬಾಲದ ಅಭಿಪ್ರಾಯವನ್ನು ಈ ಊರಿನಲ್ಲಿ ಇನ್ನೂ ಯಾರೂ ಕೇಳಿಲ್ಲ. ಪರೀಕ್ಷಕರಾಗಿಯೇ ಮುಂದುವರಿಯುವ ಇಚ್ಛೆಯಿದ್ದರೆ ನಮ್ಮಂತೆ ಅರ್ಹತಾ ಪರೀಕ್ಷೆ ಪಾಸು ಮಾಡಿ, ರಾಮದುರ್ಗದ ಕಡೆಯ ದೂರದ ಹಳ್ಳಿಯಲ್ಲಿ ಐದು ವರ್ಷ ಸೇವೆ ಸಲ್ಲಿಸಿ, ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ಕೈ ಎತ್ತಿ ಈ ಶಾಲೆಯನ್ನು ಆರಿಸಿಕೊಂಡು ಬರಬೇಕು. ಆಗ ತಮಗೆ ಕಿಟಕಿಯಲ್ಲ, ಕುರ್ಚಿಯನ್ನೇ ಬಿಟ್ಟುಕೊಡುತ್ತೇನೆ. ಅಲ್ಲಿಯವರೆಗೆ ಕಿಟಕಿಯಿಂದ ಒಂದು ನಾಲಿಗೆಯಷ್ಟು ದೂರ ನಿಲ್ಲಬೇಕು. ನಾಲಿಗೆಯ ಅಳತೆಯನ್ನು ನಾಯಕಿ ಭಾಗೀರಥಿ ಗೇಣು ಹಾಕಿ ನೋಡಿ, ಅಂಗಳದಲ್ಲಿ ಸೀಮೆಸುಣ್ಣದ ಗೆರೆ ಎಳೆದಿದ್ದಾಳೆ.

ಕಿಟಕಿಯ ಈಚೆಗಿನ,
ತಮ್ಮ ವಿಶ್ವಾಸಿ,
ಮಹಾನಂದಾ,
ಮೂರನೆಯ ತರಗತಿಯ ಶಿಕ್ಷಕಿ

ತಾ.ಕ.: ನಾಳೆ ಸೋಮವಾರ ಭಾಗಾಕಾರ ಶುರುವಾಗುತ್ತದೆ. ಹದಿನೇಳು ಶೇಂಗಾಗಳನ್ನು ಐದು ಮಕ್ಕಳಿಗೆ ಸಮನಾಗಿ ಹಂಚಿದರೆ ಎರಡು ಉಳಿಯಬೇಕೆಂದು ಪುಸ್ತಕದಲ್ಲಿದೆ. ತಾವಿದ್ದಲ್ಲಿ ಯಾವುದೂ ಉಳಿಯುವುದಿಲ್ಲ ಎನ್ನುವುದು ಈಗ ಎಲ್ಲರಿಗೂ ಗೊತ್ತಿರುವುದರಿಂದ, ತಮ್ಮ ಹೆಸರಿನಲ್ಲಿ ಭಾಗೀರಥಿ ಎರಡು ಶೇಂಗಾ ಹೆಚ್ಚಿಗೆ ತರುತ್ತಾಳೆ. ಆ ಎರಡನ್ನು ತಿಂದು ದಯವಿಟ್ಟು ಸುಮ್ಮನಿರಬೇಕು. ಹೌದು ಎಂದೂ ಬೇಡ, ಅಲ್ಲ ಎಂದೂ ಬೇಡ.