ಬಂಗುಡೆಯ ದರ ಮತ್ತು ನನ್ನ ಸೋದರಮಾವ

ಮಾನ್ಯ ಓದುಗರ ಗಮನಕ್ಕೆ ಮೊದಲಾಗಿ ತರಬಯಸುವುದೇನೆಂದರೆ, ಶಿವಮೊಗ್ಗದ ಮೀನು ಮಾರುಕಟ್ಟೆಯಲ್ಲಿ ಮೀನುಗಳಿಗಿಂತ ಹೆಚ್ಚು ಹೊತ್ತು ಬಾಯಿ ತೆರೆದಿರುವ ಏಕೈಕ ಜೀವಿ ನನ್ನ ಸೋದರಮಾವ! ಅವರ ವಾಸ ಭದ್ರಾವತಿ. ಅಲ್ಲಿ ಮೀನು ಸಿಗುವುದಿಲ್ಲವೇ? ಧಾರಾಳವಾಗಿ ಸಿಗುತ್ತದೆ. ಆದರೆ ಸದರಿಯವರನ್ನು ಕಂಡೊಡನೆಯೇ ಅಲ್ಲಿನ ವ್ಯಾಪಾರಿಗಳು ಕೊನೆಯ ದರವನ್ನೇ ಕೂಗಿಬಿಡುವುದರಿಂದ ಚೌಕಾಸಿಗೆ ಅವಕಾಶವಾಗದೆ, ಪ್ರತಿ ಭಾನುವಾರ ಬಸ್ಸು ಹತ್ತಿ ಇಲ್ಲಿಗೆ ದಯಮಾಡಿಸುತ್ತಾರೆ. ಚೀಲ ಹಿಡಿಯುವ ಹೊಣೆ ಇಲ್ಲೇ ವಿದ್ಯಾನಗರದಲ್ಲಿರುವ ನನ್ನದು.

ದರ ಕೇಳುವುದು, ಕಿವಿರು ಎತ್ತಿ ಮುಖ ಸಿಂಡರಿಸುವುದು, ಅರ್ಧಕ್ಕೆ ಕೇಳಿ ಬೈಸಿಕೊಳ್ಳುವುದು, ಹೊರಟುಹೋಗುವುದು, ಮತ್ತೆ ಕರೆಸಿಕೊಳ್ಳುವುದು, ಇದು ಮಾರುಕಟ್ಟೆಯ ಒಪ್ಪಿತ ಕ್ರಮ. ಮಾವನವರು ಇದನ್ನು ಎಲ್ಲೆಡೆಗೂ ವಿಸ್ತರಿಸಿದ್ದಾರೆ! ಒಮ್ಮೆ ದಂತವೈದ್ಯರು ಎರಡು ಹಲ್ಲು ಕೀಳಬೇಕೆಂದಾಗ, "ಒಂದಕ್ಕೆ ಮುಗಿಸಿ ಡಾಕ್ಟ್ರೇ" ಎಂದು ಎದ್ದು ಬಾಗಿಲವರೆಗೆ ನಡೆದರು. ವೈದ್ಯರು ಕರೆದದ್ದೂ ನಿಜವೇ. ಮುಂದಿನ ರೋಗಿಯನ್ನು!

ಅವರ ಕಾಯಂ ಎದುರಾಳಿ ಬಂಗುಡೆ ಮಾರುವ ಒಬ್ಬ ಬೀಬಿ.

"ಏನ್ ತಂಗೀ, ಈ ಬಂಗುಡೆ ಆಗುಂಬೆ ಘಾಟಿ ನಡ್ಕೊಂಡು ಹತ್ತಿತಾ? ಇಷ್ಟು ಸುಸ್ತಾಗಿದೆ!"

"ಬರುವಾಗ ಚೆನ್ನಾಗೇ ಇತ್ತು ಸಾಹೇಬ್ರೆ. ನಿಮ್ಮ ಚೌಕಾಸಿ ಕೇಳಿ ಸುಸ್ತಾಯ್ತು!"

ಹೀಗಿರುವಾಗ ಬೀಬಿಯ ಪತಿ ತೀರಿಕೊಂಡರು. ಅಂಗಡಿ ಕೆಲವು ತಿಂಗಳು ಮುಚ್ಚಿತ್ತು. ಮರಳಿ ತೆರೆದ ಭಾನುವಾರ ನಾವು ಹೋದಾಗ ಆಕೆ ತಲೆ ತಗ್ಗಿಸಿ ಕುಳಿತಿದ್ದರು. ಗಿರಾಕಿಗಳು ಮರುಕದಿಂದ ಹೇಳಿದಷ್ಟು ಕೊಟ್ಟು ಸದ್ದಿಲ್ಲದೆ ಸರಿಯುತ್ತಿದ್ದರು. ಪಕ್ಕದ ವ್ಯಾಪಾರಿ ಪಿಸುಗುಟ್ಟಿದ: "ಬಾಯೇ ಹೋಗಿದೆ ಪಾಪ. ಅಂಗಡಿ ಬಿಟ್ಬಿಡ್ತಾರಂತೆ."

"ಮಾವ, ಇವತ್ತೊಂದು ದಿನ ಸುಮ್ನೆ ತಗೊಳ್ಳೋಣ" ಎಂದು ವಿನಂತಿಸಿಕೊಂಡೆ. ಅವರು ಚಡಪಡಿಸಿದರು, ಮಾರುಕಟ್ಟೆಯನ್ನೆಲ್ಲ ಸುತ್ತಿದರು, ಚೀಲವನ್ನು ನನ್ನಿಂದ ಕಸಿದು ಮತ್ತೆ ನನಗೇ ಕೊಟ್ಟರು. ಕೊನೆಗೆ ಆಕೆಯ ಮುಂದೆಯೇ ನಿಂತು, "ಇದೇನು, ಮೀನೋ ಬೇಲಿಗೂಟವೋ? ಅರ್ಧಕ್ಕೆ ಕೊಡು!" ಎಂದರು.

ಸುತ್ತಲಿದ್ದವರು ದುರುಗುಟ್ಟಿದರು. ಬಿಳಿಕೂದಲಿನ ಹೆಂಗಸೊಬ್ಬರು, "ಥೂ, ಇವನೂ ಒಬ್ಬ ಮನುಷ್ಯನಾ?" ಎಂದೇಬಿಟ್ಟರು. ನಾನು ಭೂಮಿಗಿಳಿದು ಹೋದೆ!

ಬೀಬಿ ತಲೆಯೆತ್ತದೆ, "ತಗೊಳ್ಳಿ" ಎಂದರು.

ಅರ್ಧಕ್ಕೆ! ಮಾವನವರ ಮುಖ ಬಿಳಿಚಿತು. "ಅರ್ಧವೂ ಜಾಸ್ತಿ," ಎಂದರು. "ಕಾಲು ಬೆಲೆ ಕೊಡ್ತೀನಿ. ನಿನ್ನ ಯಜಮಾನ್ರು ಇದ್ದಿದ್ರೆ ಇಂಥ ಮೀನು ಅಂಗಡಿಗೇ ತರ್ತಿರಲಿಲ್ಲ."

ಬೀಬಿ ತಲೆಯೆತ್ತಿದರು.

"ಏನಂದ್ರಿ? ಅವರಿಗೆ ಮೀನು ಆರಿಸೋದು ಕಲಿಸಿದ್ದೇ ನಾನು! ಕಿವಿರು ನೋಡಿ, ಕೆಂಪಗೆ ಹ್ಯಾಗಿದೆ! ಕಾಲು ಬೆಲೆಯಂತೆ! ಕಾಲು ಬೆಲೆಗೆ ಹೋಗಿ ಭದ್ರಾ ನಾಲೇಲಿ ಕಪ್ಪೆ ಹಿಡ್ಕೊಳ್ಳಿ!" ಎನ್ನುತ್ತಾ ಎದ್ದೇ ನಿಂತರು. ಬೈಗುಳ ಉರ್ದುವಿಗೆ ದಾಟಿ, ಮರಳಿ ಕನ್ನಡಕ್ಕೆ ಬಂತು. ಒಂದು ಕಡೆ ನಿಲ್ಲಲಾರದ ನನ್ನ ಮಾವ ಅಷ್ಟನ್ನೂ ಕದಲದೆ ನಿಂತು ಕೇಳಿ, ಆಕೆ ಹೇಳಿದ ಬೆಲೆಯನ್ನೇ ಕೊಟ್ಟು, ಕನ್ನಡಕ ಒರೆಸಿಕೊಂಡರು.

ಆಗ ಆ ಬಿಳಿಕೂದಲಿನ ಹೆಂಗಸು ತಮ್ಮ ಚೀಲವನ್ನು ಮೆಲ್ಲಗೆ ಮುಂದೆ ಚಾಚಿದರು. "ನಂಗೂ ಒಂದೆರಡು ಮೀನು ಜಾಸ್ತಿ ಹಾಕವ್ವ."

"ಬಂತು ನೋಡಿ ಇನ್ನೊಂದು!" ಎಂದು ಬೀಬಿ ಇಡೀ ಮಾರುಕಟ್ಟೆಗೆ ಕೇಳುವಂತೆ ಕೂಗಿದರು.